ನೀಲಿ ಅಂಗಿಯ ಹುಡುಗರು



ಬೆಂಗಳೂರು ಎಫ್.ಸಿ. ಎಂಬ ನಮ್ಮ ಕಾಲ್ಚೆಂಡಿನ ತಂಡದ ಬಗೆಗೆ, ಅದರಲ್ಲಿಯೂ ಅದರ ಮುಂದಿನ ದಿನಗಳ ಬಗೆಗೆ, ಹದಿನೈದು ನಿಮಿಷ ಮಾತನಾಡಬೇಕೆಂದು ಬಾನುಲಿ ನಿಲಯದವರು ಕೇಳಿದೊಡನೆಯೇ ನಾನು ಒಪ್ಪಿಕೊಂಡೆ. ತಾನು ಪ್ರೀತಿಸುವ ವಸ್ತುವನ್ನು ಕುರಿತು ನಾಲ್ಕು ಜನರ ಎದುರಿನಲ್ಲಿ ಹೇಳಿಕೊಳ್ಳುವ ಅವಕಾಶ ಯಾವ ಅಭಿಮಾನಿಗೆ ತಾನೇ ಅಪ್ರಿಯವಾದೀತು? ಬಿದ್ದು ಎದ್ದ ತಂಡವೊಂದು ಮತ್ತೆ ತನ್ನನ್ನು ತಾನು ಕಟ್ಟಿಕೊಳ್ಳುತ್ತಿರುವ ಕಾಲ ಇದು. ಇಂಥ ಕಾಲದಲ್ಲಿ ಅಭಿಮಾನಿಯ ಹೃದಯದಲ್ಲಿ ಮೊಳೆಯುವ ಆಶೆಗೆ ಆಧಾರವುಂಟೆ, ಉಂಟಾದರೆ ಅದು ಯಾವುದು, ಎಂಬುದೇ ನಾನು ಹೇಳಬೇಕಾದ ಮಾತು.

ಕಾಲ್ಚೆಂಡಾಟದ ನಿಯಮಗಳನ್ನು ನಾನು ವಿವರಿಸಬೇಕಾಗಿಲ್ಲ. ಈ ಕಡೆ ಹನ್ನೊಂದು ಮಂದಿ, ಆ ಕಡೆ ಹನ್ನೊಂದು ಮಂದಿ, ತೊಂಬತ್ತು ನಿಮಿಷ, ಒಂದು ಚೆಂಡು. ಆಫ್‌ಸೈಡ್ ಎಂಬುದೊಂದನ್ನು ಬಿಟ್ಟರೆ ಮಿಕ್ಕುದೆಲ್ಲವೂ ಬೀದಿಯಲ್ಲಿ ಆಡುವ ಮಗುವಿಗೂ ತಿಳಿದದ್ದೇ. ತಂಡದ ಚರಿತ್ರೆಯೂ ನಿಮಗೆ ಗೊತ್ತು. 2013ರಲ್ಲಿ ಹುಟ್ಟಿತು, ಆಡಿದ ಮೊದಲ ವರ್ಷವೇ, 2014ರ ಏಪ್ರಿಲಿನಲ್ಲಿ, ಗೋವೆಯ ಡೆಂಪೊ ತಂಡವನ್ನು ಅದರ ನೆಲದಲ್ಲಿಯೇ ಸೋಲಿಸಿ ಐ-ಲೀಗನ್ನು ಗೆದ್ದಿತು, 2016ರಲ್ಲಿ ಮತ್ತೊಮ್ಮೆ ಗೆದ್ದಿತು, ಅದೇ ವರ್ಷ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊತ್ತಮೊದಲ ಭಾರತೀಯ ತಂಡವೆನಿಸಿತು. 2019ರ ಮಾರ್ಚಿನಲ್ಲಿ ಮುಂಬಯಿಯಲ್ಲಿ, 117ನೆಯ ನಿಮಿಷದಲ್ಲಿ, ರಾಹುಲ್ ಭೆಕೆಯವರು ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಎಫ್.ಸಿ. ಗೋವಾ ತಂಡವನ್ನು ಮಣಿಸಿ ಇಂಡಿಯನ್ ಸೂಪರ್ ಲೀಗನ್ನೂ ತನ್ನದಾಗಿಸಿಕೊಂಡಿತು. 2016ರ ಅಕ್ಟೋಬರ್ 19ರ ರಾತ್ರಿಯನ್ನು ಮಾತ್ರ ಹೆಸರಿಸದೆ ಮುಂದೆ ಹೋಗಲಾರೆ. ಎ.ಎಫ್.ಸಿ. ಕಪ್ಪಿನ ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೊಹೊರ್ ತಂಡದವರು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಮೊದಲ ಗೋಲನ್ನು ಹೊಡೆದು ನಮ್ಮೆಲ್ಲರ ಬಾಯಿ ಕಟ್ಟಿಸಿದ ಮೇಲೆ, ಸುನಿಲ್ ಛೆಟ್ರಿಯವರು ಎರಡು, ಹುವಾನನ್ ಅವರು ಒಂದು ಗೋಲು ಹೊಡೆದು ಆಟವನ್ನು ಬುಡಮೇಲು ಮಾಡಿದ ಆ ರಾತ್ರಿಯದೇ ಒಂದು ಭಾಷಣವಾದೀತು. ಅದು ಇರಲಿ.

ಬೇಗ ಏರಿದವರಿಗೆ ಇಳಿತದ ಕಹಿ ಹೆಚ್ಚು. 2022ರಲ್ಲಿ ಡ್ಯುರಾಂಡ್ ಕಪ್ಪು ಬಂದಿತು, 2023ರಲ್ಲಿ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಪೆನಾಲ್ಟಿಗಳಲ್ಲಿ ಸೋತೆವು. ಅಲ್ಲಿಂದಾಚೆಗೆ ತಂಡದ ಕೀಲುಗಳೆಲ್ಲವೂ ಒಂದೊಂದಾಗಿ ಸಡಿಲಿದವು. 2023ರ ಡಿಸೆಂಬರಿನಲ್ಲಿ ಮುಂಬಯಿ ಸಿಟಿ ತಂಡವು ಕಂಠೀರವದಲ್ಲಿಯೇ ನಾಲ್ಕು ಗೋಲುಗಳನ್ನು ಹೊಡೆದು, ನಮಗೊಂದನ್ನೂ ಕೊಡದೆ ಹಿಂದಿರುಗಿದ ಆ ಇರುಳು, ಪಶ್ಚಿಮ ಭಾಗದ ಕಾಂಕ್ರೀಟು ಮೆಟ್ಟಿಲುಗಳ ಮೇಲೆ ನಿಂತು ಹಾಡುವ ನಮ್ಮ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದವರು ಆಟ ಮುಗಿದ ಮೇಲೂ ನಗಾರಿಯನ್ನು ಬಾರಿಸುತ್ತಲೇ ಇದ್ದರು. ಮರುದಿನ ತರಬೇತುದಾರರಾದ ಸೈಮನ್ ಗ್ರೇಸನ್ ಅವರು ತಂಡವನ್ನು ಬಿಟ್ಟರು. ಋತು ಮುಗಿಯುವ ಹೊತ್ತಿಗೆ ಹನ್ನೆರಡು ತಂಡಗಳ ಪಟ್ಟಿಯಲ್ಲಿ ನಮ್ಮದು ಹತ್ತನೆಯ ಸ್ಥಾನ. ತಂಡ ಹುಟ್ಟಿದಂದಿನಿಂದ ಅಷ್ಟು ಕೆಳಕ್ಕೆ ನಾವೆಂದೂ ಇಳಿದಿರಲಿಲ್ಲ. ಆ ದಿನಗಳಲ್ಲಿ ಕಛೇರಿಗಳಲ್ಲಿ, ಕಾಫಿಯ ಮೇಜುಗಳಲ್ಲಿ, “ನಿಮ್ಮ ತಂಡದ ಕಥೆ ಮುಗಿಯಿತಲ್ಲ ಸಾರ್” ಎಂದು ಕೇಳುವವರ ಸಂಖ್ಯೆ ವಿಪರೀತವಾಗಿತ್ತು. ಮುಗಿದಿರಲಿಲ್ಲ, ಮುಗಿದಿಲ್ಲ, ಎಂಬುದು ನನ್ನ ದೃಢವಾದ ನಂಬಿಕೆ.

ಕುಸಿದ ತಂಡವನ್ನು ಎತ್ತುವುದಕ್ಕೆ ಸಾಮಾನ್ಯವಾಗಿ ಎರಡು ಮಾರ್ಗಗಳುಂಟು. ಹಣದ ಥೈಲಿಯನ್ನು ಬಿಚ್ಚಿ ದೇಶವಿದೇಶಗಳ ಸಿದ್ಧಪುರುಷರನ್ನು ಕರೆತರುವುದು ಒಂದು. ಮನೆಯ ಮಕ್ಕಳನ್ನು ನಂಬಿ ಅಂಗಳಕ್ಕಿಳಿಸುವುದು ಮತ್ತೊಂದು. ಮೊದಲನೆಯದನ್ನು ನಮ್ಮವರು ಸರ್ವಥಾ ತೊರೆಯಲಿಲ್ಲ. ಎಡ್ಗರ್ ಮೆಂಡೆಜ್, ಪೆದ್ರೊ ಕಾಪೊ, ಆಲ್ಬೆರ್ತೊ ನೊಗುವೆರಾ ಮೊದಲಾದ ಸ್ಪ್ಯಾನಿಷ್ ಆಟಗಾರರು 2024ರಲ್ಲಿ ಬಂದರು, 2019ರ ವೀರನಾದ ಭೆಕೆಯವರೂ ಹಳೆಯ ಮನೆಗೆ ಮರಳಿದರು. ಆದರೆ ಹೊಸ ತರಬೇತುದಾರರಾದ ಜೆರಾರ್ಡ್ ಸರಗೋಸಾ ಅವರು, 2019ರಲ್ಲಿ ನಾವು ಲೀಗನ್ನು ಗೆದ್ದಾಗ ಕಾರ್ಲೆಸ್ ಕ್ವಾದ್ರಾತ್ ಅವರ ಸಹಾಯಕರಾಗಿದ್ದು ನಮ್ಮ ಅಂಗಳದ ಮಣ್ಣನ್ನು ಬಲ್ಲವರಾದುದರಿಂದಲೋ, ಸ್ವಭಾವತಃ ಎಳೆಯರಲ್ಲಿ ವಿಶ್ವಾಸವುಳ್ಳವರಾದುದರಿಂದಲೋ, ಎರಡನೆಯ ಮಾರ್ಗದಲ್ಲಿಯೂ ಒಂದು ಕಾಲನ್ನು ಗಟ್ಟಿಯಾಗಿ ಊರಿದರು. ಹಾಗೆ ಊರಿದುದರ ಫಲವನ್ನು ನಾವು ಕಣ್ಣಾರೆ ಕಂಡುದು 2024ರ ಸೆಪ್ಟೆಂಬರ್ 14ರಂದು.

ಆ ದಿನ ನನಗೆ ಬಹಳ ಪ್ರಿಯವಾದುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಋತುವಿನ ಮೊದಲ ಪಂದ್ಯ. ಎದುರಾಳಿ ಕಲಕತ್ತೆಯ ಈಸ್ಟ್ ಬೆಂಗಾಲ್. ಅವರ ತರಬೇತುದಾರರ ಪೀಠದಲ್ಲಿ ಕುಳಿತವರು ಮತ್ತಾರೂ ಅಲ್ಲ, ನಮಗೆ ಲೀಗನ್ನು ಗೆದ್ದುಕೊಟ್ಟ ಅದೇ ಕ್ವಾದ್ರಾತ್ ಅವರು. ಗುರು ಆ ಕಡೆ, ಹಿಂದಿನ ಸಹಾಯಕ ಈ ಕಡೆ. ಕಂಠೀರವವನ್ನು ಕಂಡವರಿಗೆ ಗೊತ್ತು, ಅಲ್ಲಿ ಪ್ರೇಕ್ಷಕನಿಗೂ ಹುಲ್ಲಿಗೂ ನಡುವೆ ಓಟಗಾರರ ಪಥವೊಂದು ಅಡ್ಡ ಬರುತ್ತದೆ. ಆಟಗಾರರ ಮುಖಭಾವ ನಮಗೆ ಕಾಣುವುದಿಲ್ಲ, ನಡಿಗೆಯಿಂದಲೂ ಭುಜದ ವಾಲಿಕೆಯಿಂದಲೂ ಇಂಥವನೇ ಎಂದು ಗುರುತಿಸಿಕೊಳ್ಳಬೇಕು. ಆ ಸಂಜೆ ಹನ್ನೊಂದು ಮಂದಿಯಲ್ಲಿ ಒಬ್ಬನ ನಡಿಗೆ ನಮ್ಮಲ್ಲಿ ಅನೇಕರಿಗೆ ಹೊಸದಾಗಿತ್ತು. ಸಣ್ಣ ಮೈಕಟ್ಟು, ತುಸು ಬಗ್ಗಿದ ಬೆನ್ನು, ಚೆಂಡು ಎಲ್ಲಿಯೋ ದೂರದಲ್ಲಿದ್ದಾಗಲೂ ನಿಂತಲ್ಲಿ ನಿಲ್ಲದ ಕಾಲು. ಹೆಸರು ವಿನೀತ್ ವೆಂಕಟೇಶ್, ವಯಸ್ಸು ಹತ್ತೊಂಬತ್ತು, ಬೆಂಗಳೂರಿನ ಹುಡುಗ, ನಮ್ಮದೇ ಕಿರಿಯರ ತಂಡದಲ್ಲಿ ಆಡಿ ಮೇಲೆ ಬಂದವನು, ಸೂಪರ್ ಲೀಗಿನಲ್ಲಿ ಅದೇ ಅವನ ಮೊದಲ ಪಂದ್ಯ.

25ನೆಯ ನಿಮಿಷದಲ್ಲಿ ಅವನು ಗೋಲು ಹೊಡೆದ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಬೆಂಗಳೂರಿನ ಹುಡುಗನೊಬ್ಬ ಈಸ್ಟ್ ಬೆಂಗಾಲಿನ ಮೇಲೆ ಗೋಲು ಹೊಡೆದನೆಂದು ಹೇಳಿದಾಗ ಅದರ ಹಿಂದಿರುವ ಮುಕ್ಕಾಲು ಶತಮಾನದ ಕಥೆ ತಿಳಿಯದಿದ್ದರೆ ಆ ಗೋಲಿನ ರುಚಿ ಪೂರ್ಣವಾಗಿ ದಕ್ಕಲಾರದು. ಆದುದರಿಂದ ಅಹಮದ್ ಖಾನ್ ಅವರ ಮಾತನ್ನು ಎತ್ತುವುದು ಅನಿವಾರ್ಯ.

ಅಹಮದ್ ಖಾನ್ ಹುಟ್ಟಿದುದು ಇದೇ ಬೆಂಗಳೂರಿನಲ್ಲಿ, 1926ರಲ್ಲಿ. ಆಗ ಈ ಊರಿನ ದಂಡು ಪ್ರದೇಶ ಕಾಲ್ಚೆಂಡಿನ ದೊಡ್ಡ ಗುರುಕುಲವಾಗಿತ್ತು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಗೋರಾ ಸಿಪಾಯಿಗಳ ಪಡೆಗಳೇ ಹೊತ್ತೊಯ್ಯುತ್ತಿದ್ದ ಆ ಬಿರುದನ್ನು ಭಾರತೀಯರ ತಂಡವೊಂದು ಕೈವಶ ಮಾಡಿಕೊಂಡುದು ಅದೇ ಮೊದಲು. 1938ರಲ್ಲಿ ಮತ್ತೆ ಗೆದ್ದು ಅದು ಅಕಸ್ಮಾತ್ತಲ್ಲವೆಂದೂ ತೋರಿಸಿತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯ ಮೇಲೆ ಅಂದಿನ ಮೈಸೂರು ರಾಜ್ಯದ ಹೆಸರು ನಾಲ್ಕು ಬಾರಿ ಕೆತ್ತಲ್ಪಟ್ಟಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಅವರು ನಮ್ಮವರು. ಆ ತಂಡದಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಅಹಮದ್ ಖಾನ್ ಅವರೂ ಹಾಗೆಯೇ. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ಒಂದಕ್ಕೆ ಎರಡು ಗೋಲುಗಳಿಂದ ಸೋತ ಆ ಪಂದ್ಯವನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ಚುರುಕ್ಕೆನ್ನುತ್ತದೆ.

ಅಹಮದ್ ಖಾನ್ ಅವರ ಕಾಲಿನಲ್ಲಿ ಚೆಂಡು ಹೇಗೆ ನಿಲ್ಲುತ್ತಿತ್ತೆಂಬುದನ್ನು ನಾನು ಕಂಡವನಲ್ಲ. ಕಂಡ ಹಿರಿಯರ ಬಾಯಿಂದ ಕೇಳಿ ಬಲ್ಲೆ. ಹಾವಾಡಿಗನೆಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಬಂದುದಲ್ಲ. ಎದುರಾಳಿ ಇಬ್ಬರು ಮುತ್ತಿದಾಗ ಅವರು ಓಡುತ್ತಿರಲಿಲ್ಲವಂತೆ, ನಿಲ್ಲುತ್ತಿದ್ದರಂತೆ. ಪಾದದ ಅಂಚಿನಿಂದ ಚೆಂಡನ್ನು ಒಂದಂಗುಲ ಈಚೆಗೆ, ಒಂದಂಗುಲ ಆಚೆಗೆ ಉರುಳಿಸುತ್ತ, ಕಾಯುತ್ತಿದ್ದರಂತೆ. ತಾಳ್ಮೆ ತಪ್ಪಿ ಅವರಲ್ಲೊಬ್ಬ ಕಾಲು ಚಾಚಿದ ಕ್ಷಣದಲ್ಲಿ ಆ ಚಾಚಿದ ಕಾಲಿನ ಪಕ್ಕದಿಂದಲೇ ಹಾದು ಹೋಗಿಬಿಡುತ್ತಿದ್ದರಂತೆ. ಬೂಟಿನ ತೊಗಲು ಅಡ್ಡ ಬಾರದ ಕಾಲಿಗೆ ಮಾತ್ರ ಸಾಧ್ಯವಾದ ಸೂಕ್ಷ್ಮತೆ ಅದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು ಒಂದಕ್ಕೆ ಹತ್ತು ಗೋಲುಗಳಿಂದ ಸೋಲಿಸಿದಾಗ ಆ ಒಂದು ಗೋಲು ಅವರದೇ. ಆ ಸೋಲಿನ ತರುವಾಯವೇ ನಮ್ಮ ದೇಶದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬೂಟು ಬಂದುದು ಸರಿಯೇ. ಆದರೆ ಬರಿಗಾಲಿನೊಡನೆ ಒಂದು ಕಲೆಯೂ ಮರೆಯಾಯಿತೆಂಬ ವಿಷಾದ ನನಗುಂಟು. ಅದು ಬೇರೆಯ ಚರ್ಚೆ.

ಇಂಥ ಅಹಮದ್ ಖಾನ್ ತಮ್ಮ ಯೌವನದ ಹತ್ತು ವರ್ಷಗಳನ್ನು, 1949ರಿಂದ 1959ರವರೆಗೆ, ಧಾರೆಯೆರೆದುದು ಎಲ್ಲಿ? ಕಲಕತ್ತೆಯ ಈಸ್ಟ್ ಬೆಂಗಾಲಿನಲ್ಲಿ. ಅಪ್ಪಾರಾವ್, ಧನರಾಜ್, ಸಾಲೇ, ವೆಂಕಟೇಶ್, ಅಹಮದ್ ಖಾನ್ ಎಂಬ ಐವರು ಮುಂಪಂಕ್ತಿಯ ಆಟಗಾರರನ್ನು ಅಲ್ಲಿಯ ಜನ ಪಂಚಪಾಂಡವರೆಂದೇ ಕರೆದರು. ಅಲ್ಲಿಯೂ ಒಬ್ಬ ವೆಂಕಟೇಶ್ ಇದ್ದುದನ್ನು ಗಮನಿಸಿ. ಕಾಕತಾಳೀಯವಾದರೂ ನನಗೆ ಪ್ರಿಯವಾದ ಕಾಕತಾಳೀಯ. ಅಹಮದ್ ಖಾನ್ ಅವರನ್ನು ಉಳಿಸಿಕೊಳ್ಳಬಲ್ಲ ತಂಡ ಅಂದಿನ ಬೆಂಗಳೂರಿನಲ್ಲಿ ಇರಲಿಲ್ಲ. ಅವರೊಬ್ಬರದೇ ಮಾತಲ್ಲ; ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರಗಳ ಓಣಿಗಳಲ್ಲಿ ಬೆಳೆದ ಎಷ್ಟೋ ಪ್ರತಿಭೆಗಳು ರೈಲು ಹತ್ತಿ ಪರಸ್ಥಳದ ಅಂಗಿಯನ್ನು ತೊಟ್ಟವು. ತಾಯಿ ನೀರೆರೆದು ಬೆಳೆಸಿದ ಮಾವಿನ ಮರದ ಹಣ್ಣನ್ನು ನೆರೆಮನೆಯ ಮಕ್ಕಳೇ ತಿಂದಂತೆ, ನಮ್ಮ ಊರಿನ ಆಟವನ್ನು ಕಲಕತ್ತೆಯವರು ಸವಿದರು. ಹೃತ್ಪೂರ್ವಕವಾಗಿ ಸವಿದರು, ನಮ್ಮವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು, ಆ ಋಣವನ್ನು ನಾನು ಮರೆತು ಮಾತನಾಡುತ್ತಿಲ್ಲ. ಆದರೂ ಇಲ್ಲಿ ಉಳಿದವರಿಗೆ ಒಂದು ಬರಿದು ಉಳಿಯಿತು.

ಈಗ ಆ 25ನೆಯ ನಿಮಿಷಕ್ಕೆ ಮರಳೋಣ. ಬೆಂಗಳೂರಿನ ಹುಡುಗ, ಬೆಂಗಳೂರಿನ ಹೆಸರು ಹೊತ್ತ ಅಂಗಿಯಲ್ಲಿ, ಬೆಂಗಳೂರಿನ ನೆಲದ ಮೇಲೆ, ಈಸ್ಟ್ ಬೆಂಗಾಲಿನ ಬಲೆಯನ್ನು ಅಲುಗಿಸಿದ. ಚೆಂಡು ಬಲೆಗೆ ತಾಗಿದ ಸದ್ದು ನಮ್ಮ ಮೆಟ್ಟಿಲುಗಳವರೆಗೆ ಬರುವುದಿಲ್ಲ. ಬಲೆ ಉಬ್ಬಿದುದನ್ನು ಕಂಡ ಮೇಲೆ ಒಂದು ಉಸಿರಿನಷ್ಟು ಕಾಲ ಎಲ್ಲವೂ ತಡೆದು ನಿಂತಂತಾಗಿ, ಅನಂತರ ನಗಾರಿ, ಕೂಗು, ನೀಲಿ ಶಾಲುಗಳು ಎಲ್ಲವೂ ಒಮ್ಮೆಗೇ ಮೇಲೆದ್ದವು. ನನ್ನ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಭುಜವನ್ನು ಎರಡೂ ಕೈಗಳಿಂದ ಹಿಡಿದು ಅಲ್ಲಾಡಿಸುತ್ತ, “ನಮ್ ಹುಡುಗ ಕಣ್ರೀ, ನಮ್ ಹುಡುಗ!” ಎಂದರು. ಆಟ ಆ ಒಂದು ಗೋಲಿನಿಂದಲೇ ತೀರ್ಮಾನವಾಯಿತು. ಮುಂದಿನ ಎರಡು ಪಂದ್ಯಗಳಲ್ಲಿ ಹೈದರಾಬಾದನ್ನು ಮೂರು ಗೋಲುಗಳಿಂದ, ಮೋಹನ್ ಬಾಗಾನನ್ನೂ ಮೂರು ಗೋಲುಗಳಿಂದ ಸೋಲಿಸಿದೆವು. ಮೂರು ಪಂದ್ಯಗಳಲ್ಲಿಯೂ ನಮ್ಮ ಬಲೆಗೆ ಒಂದು ಚೆಂಡೂ ಬೀಳಲಿಲ್ಲ. ಐದು ತಿಂಗಳ ಹಿಂದೆ ಹತ್ತನೆಯ ಸ್ಥಾನದಲ್ಲಿ ನರಳುತ್ತಿದ್ದ ತಂಡ ಇದೇ ಏನು ಎಂದು ಕಣ್ಣುಜ್ಜಿಕೊಳ್ಳುವಂತಾಯಿತು.

ಇಂಥ ಹುಡುಗರು ಒಂದು ರಾತ್ರಿಯಲ್ಲಿ ಸಿದ್ಧರಾಗುವುದಿಲ್ಲ. ಸಿದ್ಧರಾಗುವುದನ್ನು ನೋಡಬೇಕೆಂಬವರು ಅಶೋಕನಗರದ ಬೆಂಗಳೂರು ಫುಟ್ಬಾಲ್ ಸ್ಟೇಡಿಯಮ್ಮಿಗೆ ಹೋಗಬೇಕು. ಜಿಲ್ಲಾ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳು ಅಲ್ಲಿ ನಡೆಯುತ್ತವೆ. ನಮ್ಮ ಕಿರಿಯರ ತಂಡವೂ ಅಲ್ಲಿ ಆಡುತ್ತದೆ. ದೀಪಾಲಂಕಾರವಿಲ್ಲ, ನಗಾರಿಯಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮೆಟ್ಟಿಲುಗಳ ನೆರಳು ಬಿದ್ದ ಕಡೆ ಕೆಲವರು ಹಿರಿಯರು ಕಡಲೆಕಾಯಿಯ ಪೊಟ್ಟಣ ಹಿಡಿದು ಕುಳಿತಿರುತ್ತಾರೆ. ತಮಿಳು, ದಖ್ಖನಿ, ಕನ್ನಡ ಮೂರೂ ಬೆರೆತ ಮಾತಿನಲ್ಲಿ ಅವರು ನೀಡುವ ವಿಮರ್ಶೆಯನ್ನು ಯಾವ ಪತ್ರಿಕೆಯಲ್ಲಿಯೂ ಓದಿ ತಿಳಿಯಲಾಗದು. ಅಲ್ಲಿ ಒಮ್ಮೆ ನಾನು ಹದಿನೇಳರ ಆಸುಪಾಸಿನ ಹುಡುಗನೊಬ್ಬನನ್ನು ಗಮನಿಸಿದೆ. ಚೆಂಡು ತನ್ನ ಕಡೆಗೆ ಬರುವುದಕ್ಕೆ ಮೊದಲು ಅವನು ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ ಹಿಂದಿರುಗಿ ನೋಡುತ್ತಿದ್ದ. ಚೆಂಡು ಬಂದಾಗ ಹತ್ತಿರದ ಕಾಲಿನಿಂದ ತಡೆಯದೆ ಅದನ್ನು ಮೈಯ ಮುಂದೆ ಹಾಯಗೊಟ್ಟು ದೂರದ ಕಾಲಿನಿಂದ ಮುಟ್ಟುತ್ತಿದ್ದ. ಮುಟ್ಟುವಷ್ಟರಲ್ಲಿ ಅವನ ಎದೆ ಎದುರಾಳಿಯ ಗೋಲಿನತ್ತ ತಿರುಗಿರುತ್ತಿತ್ತು. ಮೊದಲ ಬಾರಿ ಚೆಂಡು ತುಸು ಮುಂದಕ್ಕೆ ಪುಟಿದು ಕೈಬಿಟ್ಟುಹೋಯಿತು. ಓಡಿ, ಬೆನ್ನಟ್ಟಿ, ಕಸಿದುಕೊಂಡು ತಂದ. ಮತ್ತೆ ಅದೇ ಪಟ್ಟು, ಮತ್ತೆ ತಪ್ಪಿತು. ಸುಲಭದ ದಾರಿಯನ್ನು ಹಿಡಿದು ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡಬಹುದಾಗಿತ್ತು, ಕೊಡಲಿಲ್ಲ. ನೆರಳಿನಲ್ಲಿದ್ದ ಮುದುಕರಲ್ಲೊಬ್ಬರು, “ಪರವಾಗಿಲ್ಲ ಮಗಾ, ಇನ್ನೊಂದು ಸಲ” ಎಂದು ಕೂಗಿದರು. ಮೂರನೆಯ ಸಲ ಅವನು ತಿರುಗಿದಾಗ ಅವನ ಮುಂದೆ ಅಂಗಳದ ಅರ್ಧ ಭಾಗ ಬಿಡುವಾಗಿ ತೆರೆದಿತ್ತು. ಕೇಳುಗರೇ, ನನ್ನ ಆಶೆಗೆ ಆಧಾರವೇನೆಂದು ಕೇಳಿದರೆ ನಾನು ಕೊಡುವ ಉತ್ತರ ಆ ಹುಡುಗನ ಮೂರನೆಯ ತಿರುವು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. 2025ರ ಏಪ್ರಿಲ್ 12ರಂದು ಕಲಕತ್ತೆಯ ಸಾಲ್ಟ್ ಲೇಕಿನಲ್ಲಿ, ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ, ಮುನ್ನಡೆಯನ್ನು ಪಡೆದೂ ಉಳಿಸಿಕೊಳ್ಳಲಾರದೆ ಹೆಚ್ಚಿನ ಅವಧಿಯಲ್ಲಿ ಮೋಹನ್ ಬಾಗಾನಿಗೆ ಸೋತೆವಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳುವವರುಂಟು. ಹತ್ತನೆಯ ಸ್ಥಾನದಿಂದ ಒಂದೇ ವರ್ಷದಲ್ಲಿ ಅಂತಿಮ ಪಂದ್ಯದ ಹೆಚ್ಚಿನ ಅವಧಿಯವರೆಗೆ ಹೋದ ತಂಡದಲ್ಲಿ ಸತ್ತ್ವವಿಲ್ಲವೆನ್ನುವುದು ನ್ಯಾಯವೇ ಎಂದು ನಾನು ಅವರನ್ನು ಕೇಳುತ್ತೇನೆ. ಆ ವರ್ಷದ ಜುಲೈಯಲ್ಲಿ ಆಡಳಿತದ ಒಪ್ಪಂದಗಳ ಗೊಂದಲದಿಂದ ಲೀಗೇ ತಡೆಹಿಡಿಯಲ್ಪಟ್ಟು, ಆಟಗಾರರ ಸಂಬಳ ನಿಂತು, ಶರತ್ಕಾಲದಲ್ಲಿ ಆರಂಭವಾಗಬೇಕಾದ ಋತು 2026ರ ಫೆಬ್ರವರಿಯವರೆಗೆ ಮುಂದೆ ಹೋದುದು ನಿಜ. ಆ ತಿಂಗಳುಗಳು ಅಭಿಮಾನಿಗಳಿಗೆ ವನವಾಸವಾಗಿದ್ದವು. ಆದರೆ ಓಣಿಯಲ್ಲಿ ಆಡುವ ಹುಡುಗ ಒಪ್ಪಂದದ ಕಾಗದಕ್ಕಾಗಿ ಕಾಯುವುದಿಲ್ಲ. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡ ಜನ ನಾವು. 1969ರ ತರುವಾಯ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮನೆಗೆ ತಂದ ಜನ ನಾವು. ಕಾಯುವುದು ನಮಗೆ ಹೊಸತಲ್ಲ.

ಗಾಜಿನ ಆಚೆಯಿಂದ ನಿಲಯದವರು ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ! ಹೇಳಬೇಕೆಂದು ಬರೆದು ತಂದುದರಲ್ಲಿ ಅರ್ಧವೂ ಮುಗಿದಿಲ್ಲ. ಛೆಟ್ರಿಯವರ ವಿಷಯವನ್ನು ಎತ್ತಲೇ ಇಲ್ಲವಲ್ಲ. 2013ರಲ್ಲಿ ಬಂದು, ನಲವತ್ತನೆಯ ವಯಸ್ಸಿನಲ್ಲಿ, 2024ರ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸಿನ ಮೇಲೆ ಮೂರು ಗೋಲು ಹೊಡೆದು, ಆ ಋತುವಿನಲ್ಲಿ ಒಟ್ಟು 14 ಗೋಲು ಗಳಿಸಿದ ಆ ಪುಣ್ಯಾತ್ಮನಿಗೆ ಬೇರೆಯೇ ಒಂದು ದಿನ ಬೇಕು. ಗೋವೆಯ ಫತೋರ್ಡಾದಲ್ಲಿ, ಅದೇ ಋತುವಿನ ಉಪಾಂತ್ಯದ ಎರಡನೆಯ ಪಂದ್ಯದಲ್ಲಿ, ಗೋವೆಯವರು ಲೆಕ್ಕವನ್ನು ಸರಿಮಾಡಿ ಊರೇ ಅವರದಾಗಿದ್ದಾಗ, ಹೆಚ್ಚುವರಿ ನಿಮಿಷಗಳಲ್ಲಿ ನಾಮ್‌ಗ್ಯಾಲ್ ಭುಟಿಯಾ ಕಳುಹಿಸಿದ ಚೆಂಡಿಗೆ ಛೆಟ್ರಿಯವರು ತಲೆ ಕೊಟ್ಟರು. ನಾವು ಅಂತಿಮ ಪಂದ್ಯಕ್ಕೆ ಹೋದೆವು. ಭುಟಿಯಾ ಕೂಡ ನಮ್ಮ ಕಿರಿಯರ ತಂಡದಿಂದ ಬಂದವನೇ ಎಂಬುದನ್ನು ದಯವಿಟ್ಟು ನೆನಪಿಡಿ. ಮಣಿಪುರದಿಂದ ಬಂದು ಇಲ್ಲಿ ಬೆಳೆದ ರೋಷನ್ ಸಿಂಗ್, ತಮಿಳುನಾಡಿನ ಶಿವಶಕ್ತಿ ನಾರಾಯಣನ್, ಇವರಿಬ್ಬರೂ 2022ರಲ್ಲಿ ಒಬ್ಬ, 2023ರಲ್ಲಿ ಒಬ್ಬನಂತೆ ಲೀಗಿನ ಉದಯೋನ್ಮುಖ ಆಟಗಾರರೆಂಬ ಮನ್ನಣೆಯನ್ನು ನಮ್ಮ ಮನೆಗೇ ತಂದರು. 17 ವರ್ಷದೊಳಗಿನವರ ವಿಶ್ವಕಪ್ಪನ್ನು ಆಡಿ ಬಂದ ಸುರೇಶ್ ಸಿಂಗ್ ಮಧ್ಯದ ಅಂಗಳದಲ್ಲಿ ಓಡುವ ಓಟವನ್ನು ವರ್ಣಿಸಲು ಸಮಯವಿಲ್ಲ. ಬಳ್ಳಾರಿಯ ಕಡೆ ವಿಜಯನಗರದಲ್ಲಿ, ಉಕ್ಕಿನ ಕಾರ್ಖಾನೆಯ ಬದಿಯಲ್ಲಿ, ತಂಡದ ವಸತಿ ಅಕಾಡೆಮಿಯಿದೆ. ಅಲ್ಲಿ ಶಾಲೆಯೂ ಆಟವೂ ಜೊತೆಯಲ್ಲಿ ಸಾಗುತ್ತವೆ. ಉತ್ತರ ಕರ್ನಾಟಕದ ತಂದೆತಾಯಂದಿರು ಯಾರಾದರೂ ಕೇಳುತ್ತಿದ್ದರೆ, ಚೆಂಡಿನ ಹುಚ್ಚುಳ್ಳ ಮಕ್ಕಳಿದ್ದರೆ, ವಿಚಾರಿಸಿ ನೋಡಿ.

ಒಂದು ಬೆರಳಾಯಿತು. ಪಂದ್ಯವಿರುವ ದಿನ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಕಂಠೀರವಕ್ಕೆ ನಡೆದೇ ಹೋಗಬಹುದು, ಸ್ವಲ್ಪ ಮುಂಚೆ ಬನ್ನಿ, ಮಕ್ಕಳನ್ನೂ ಕರೆತನ್ನಿ, ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಂತರೆ ಹಾಡುಗಳನ್ನು ಪಕ್ಕದವರು ತಾವಾಗಿಯೇ ಕಲಿಸುತ್ತಾರೆ. ವಿನೀತನು ಚೆಂಡಿಲ್ಲದಾಗ ಹೇಗೆ ಓಡುತ್ತಾನೆಂಬುದನ್ನು ಮಾತ್ರ ತಪ್ಪದೆ ನೋಡಿ, ಅದನ್ನು ಹೇಳುವುದು ಬಾಕಿ ಉಳಿಯಿತು, ಇನ್ನು ನಿಲ್ಲಿಸಲೇಬೇಕು.